ಬೇಡವೆಂದರೂ ಬಡಿಸಿದ ಬೀಗಿತ್ತಿ

ನನ್ನ ಬೀಗಿತ್ತಿ ಎಲ್ಲಿಯೇ ಆಗಲಿ, ಕೂರುವ ಮೊದಲು ಸೆರಗಿನ ತುದಿಯಿಂದ ಆ ಜಾಗವನ್ನು ಪಟಪಟ ಬಡಿಯುತ್ತಿದ್ದರು. ಧೂಳಿರಲಿ ಬಿಡಲಿ, ಬಡಿಯುವುದು ಬಡಿಯುವುದೇ. ನನ್ನ ಮಗಳನ್ನು ನೋಡಲು ಮೊದಲ ಸಲ ಬಂದಾಗ, ನಾನು ಬೆಳಿಗ್ಗೆ ಎದ್ದು ಒರೆಸಿ ಇಟ್ಟಿದ್ದ ಸೋಫಾದ ಮೇಲೂ ಹಾಗೆಯೇ ಮಾಡಿದರು. ನನಗೆ ಮೈ ಉರಿದುಹೋಯಿತು. ಅಡುಗೆಮನೆಗೆ ಬಂದು ನನ್ನ ಗಂಡನಿಗೆ, "ಈ ಹೆಂಗಸಿನ ಮನಿಗೆ ನನ್ನ ಮಗಳನ್ನ ಕೊಡಂಗಿಲ್ಲ" ಎಂದೆ. ಕೊಟ್ಟೆವು. ಹುಡುಗ ಒಳ್ಳೆಯವನಿದ್ದ. ಮಗಳು ಮೊದಲೇ ಒಪ್ಪಿಕೊಂಡಾಗಿತ್ತು, ನಮಗೆ ತಿಳಿಸಿದ್ದು ಆಮೇಲೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೀಗರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಇದ್ದಷ್ಟು ಕಾಲ ನನಗೆ ಅವರು ಬೀಗಿತ್ಯಾರ, ಅವರಿಗೆ ನಾನು ಬೀಗಿತ್ಯಾರ. ಸಿರುಗುಪ್ಪದ ಹತ್ತಿರದ ಕರೂರಿನವರು, ಕಾಲುವೆ ನೀರಿನ ಭತ್ತದ ಮನೆಯವರು. ಹೋದ ವರ್ಷ ನಾಟಿ ಮುಗಿಯುತ್ತ ಬಂದ ಹೊತ್ತಿಗೆ ತೀರಿಕೊಂಡರು. ಅವರನ್ನು ನೆನೆದು ಅಳೋಣವೆಂದು ಕುಳಿತರೆ ನಗು ಬರುತ್ತದೆ. ಅದೂ ಅವರದೇ ತಪ್ಪು.

ತಿಂಗಳಿಗೊಮ್ಮೆಯಾದರೂ ಸಿರುಗುಪ್ಪದ ಬಸ್ಸು ಹಿಡಿದು ಬಳ್ಳಾರಿಯ ನಮ್ಮ ಮನೆಗೆ ಬರುವರು. ಜೊತೆಗೆ ಒಂದು ಚೀಲ ಅಕ್ಕಿ. ಅದನ್ನು ಬಸ್ಸಿಗೆ ಹತ್ತಿಸುವ, ಇಳಿಸುವ ಕೆಲಸ ಕಂಡಕ್ಟರನದು. ಅವನು ಒಪ್ಪಿಕೊಂಡಿದ್ದನೋ ಇಲ್ಲವೋ ಅವರು ಕೇಳಿದವರಲ್ಲ. ಬಳ್ಳಾರಿ ಬರುವಷ್ಟರಲ್ಲಿ ಪಕ್ಕದ ಸೀಟಿನವರ ಮಗಳಿಗೆ ಒಂದು ವರ ಗೊತ್ತುಮಾಡಿರುತ್ತಿದ್ದರು. ಫೋನಿನಲ್ಲಿ ಮಾತಾಡಿದರೆ ನಡುವೆ ತುಂಗಭದ್ರೆ ತುಂಬಿ ಹರಿಯುತ್ತಿದೆ ಎಂಬಂತೆ ಕೂಗುವರು. ನನ್ನ ಜೋಳದ ರೊಟ್ಟಿಯ ಮೇಲೆ ಅವರಿಗೆ ವಿಶೇಷ ಪ್ರೀತಿ. "ಬೀಗಿತ್ಯಾರ, ನಿಮ್ಮ ರೊಟ್ಟಿ ಭಾಳ ಗಟ್ಟಿ ಅದಾವ ನೋಡ್ರಿ. ಒಂದು ಕೊಡ್ರಿ, ಚಪ್ಪಲಿಗೆ ಅಟ್ಟಿ ಹಚ್ಚಿಸ್ಕೊಂತೀನಿ" ಎಂದು ಹತ್ತು ಮಂದಿಯ ಎದುರಿಗೆ ಹೇಳುವರು. "ನಿಮ್ಮ ಪಾದಕ್ಕ ಒಂದು ಸಾಲಂಗಿಲ್ರಿ, ಎರಡು ಒಯ್ರಿ" ಎನ್ನುತ್ತಿದ್ದೆ ನಾನು. ಅವರು ಮೈಯೆಲ್ಲ ಕುಲುಕುವಂತೆ ನಕ್ಕು, ಆ ರೊಟ್ಟಿಯನ್ನೇ ಇನ್ನೊಂದು ಹಾಕಿಸಿಕೊಳ್ಳುವರು. "ಬೀಗರು ಅಂದ್ರ ಜಗಳ ಆಡಾಕ ಅಂತ ದೇವರು ಕೊಟ್ಟ ಮಂದಿ. ಬ್ಯಾರೇದವರ ಕೂಡ ಆಡಿದ್ರ ವೈರ ಆಗ್ತೈತಿ, ಬೀಗರ ಕೂಡ ಆಡಿದ್ರ ಊಟ ಆಗ್ತೈತಿ" ಎಂಬುದು ಅವರ ಸಿದ್ಧಾಂತ.

ಇಂಥವರು ನನ್ನ ಅವ್ವನ ಕಾಯಿಲೆಯ ನಡುವೆ ಹೇಗೆ ಬಂದರು ಎಂದು ಹೇಳಬೇಕು.

ಅವ್ವ ಕುರುಗೋಡಿನಲ್ಲಿ ನಮ್ಮ ಚಿಕ್ಕಪ್ಪನ ಸಂಸಾರದ ಜೊತೆಗಿದ್ದಳು. ಮೊದಲು ಒಲೆಯ ಮೇಲಿನ ಹಾಲು ಮರೆತು ಉಕ್ಕಿಸುವುದು, ಕೇಳಿದ್ದನ್ನೇ ಕೇಳುವುದು ಶುರುವಾಯಿತು. ವಯಸ್ಸಾಯಿತು, ಅರಳು ಮರಳು ಎಂದು ಎಲ್ಲರೂ ಸುಮ್ಮನಿದ್ದರು. ಒಂದು ದಿನ ಪಕ್ಕದ ಮನೆಯ ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿ, ಆ ಮನೆಯ ಸೊಸೆ ಹೊರಗೆ ಬಂದಾಗ "ಯಾರವ್ವ ನೀನು, ನಮ್ಮನ್ಯಾಗ ಏನ್ ಮಾಡಾಕತ್ತೀ" ಎಂದು ಗದರಿದಳಂತೆ. ಆ ವಾರವೇ ಹೋಗಿ ಬಳ್ಳಾರಿಗೆ ಕರೆದುಕೊಂಡು ಬಂದೆ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಅಳತೆ ಸರಿಯಾಗಿದ್ದರೆ ಫಲ ಸರಿಯಾಗಿ ಬರಲೇಬೇಕು ಎಂಬ ನಂಬಿಕೆಯವಳು. ನರರೋಗದ ಡಾಕ್ಟರರಿಗೆ ತೋರಿಸಿದೆ. ತಲೆಯ ಸ್ಕ್ಯಾನು, ರಕ್ತದ ಪರೀಕ್ಷೆ ಎಲ್ಲ ಆಯಿತು. ಇದು ಮರೆವಿನ ಕಾಯಿಲೆ, ಗುಣವಾಗುವಂಥದ್ದಲ್ಲ, ಗುಳಿಗೆಯಿಂದ ಒಂದಿಷ್ಟು ನಿಧಾನವಾಗಬಹುದು, ಉಳಿದದ್ದೆಲ್ಲ ನೋಡಿಕೊಳ್ಳುವುದರಲ್ಲಿದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬಚ್ಚಲಿನ ಒಳಚಿಲಕ ತೆಗೆಸಿದೆ. ನಾನು ಕಾಲೇಜಿಗೆ ಹೋದ ಹೊತ್ತಿನಲ್ಲಿ ಅವ್ವನ ಜೊತೆಗಿರಲು ಕೌಲ್ ಬಜಾರಿನಿಂದ ಒಬ್ಬ ಆಯಾಳನ್ನು ಗೊತ್ತುಮಾಡಿದೆ. ಗುಳಿಗೆ ಹೊತ್ತು ಹೊತ್ತಿಗೆ ಹೋದವು. ಇಷ್ಟೇನಾ, ಸಂಭಾಳಿಸಿದೆ ಎಂದುಕೊಂಡೆ.

ಒಂದು ಬೆಳಿಗ್ಗೆ ಅವ್ವ ನನ್ನ ಮುಂದೆ ನಿಂತು, "ಬಚ್ಚಲಾ ಎಲ್ಲಿ ಐತ್ರಿ?" ಎಂದಳು. ಹೆತ್ತ ಅವ್ವನ ಬಾಯಲ್ಲಿ 'ರೀ' ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ನನ್ನ ಶಾಸ್ತ್ರದಲ್ಲಿ ಸೂತ್ರವಿಲ್ಲ. ಆದರೂ ಬಚ್ಚಲು ತೋರಿಸಿದೆ.

ಅಲ್ಲಿಂದ ಅವ್ವ ಉಣ್ಣುವುದನ್ನು ಬಿಟ್ಟಳು. ತಟ್ಟೆ ಇಟ್ಟರೆ, "ಬ್ಯಾಡ್ರಿ, ಈಗ ಉಂಡ ಬಂದೀನಿ" ಎನ್ನುವಳು. ಬಿಸಿ ಅನ್ನ, ತುಪ್ಪ, ಅವಳಿಗೆ ಇಷ್ಟವಾದ ಎಣ್ಣೆಗಾಯಿ, ಏನು ಮಾಡಿದರೂ ಅದೇ ಮಾತು. ನಮ್ಮ ಮನೆಯಲ್ಲಿ ಬೇಡ ಎಂದರೆ ಬೇಡ. ಯಾರ ಬಾಯಿಗೂ ತುರುಕುವ ರೂಢಿಯಿಲ್ಲ. ಆಮೇಲೆ ಹಸಿವಾದೀತು ಎಂದು ತಟ್ಟೆ ತೆಗೆಯುತ್ತಿದ್ದೆ. ಹಸಿವು ಎಂದು ಅವಳು ಕೇಳಲೇ ಇಲ್ಲ. ಬಳೆಗಳು ಮೊಣಕೈಯವರೆಗೆ ಸರಿಯತೊಡಗಿದವು. ಡಾಕ್ಟರು ಹಲ್ಲು, ಗಂಟಲು, ಥೈರಾಯ್ಡು ನೋಡಿಸಿದರು, ಒಂದು ಗುಳಿಗೆ ಬದಲಿಸಿದರು. ಎಲ್ಲಿಯೂ ಏನೂ ಸಿಗಲಿಲ್ಲ.

ಸುದ್ದಿ ಮಗಳಿಂದ ಕರೂರಿಗೆ ಮುಟ್ಟಿತು. ಬೀಗಿತ್ತಿ ಮರುದಿನವೇ ಹಾಜರು. ಅಕ್ಕಿಯ ಜೊತೆಗೆ ಒಂದೆಲಗದ ಸೊಪ್ಪು, ಒಂದು ಬಾಟಲಿ ಹರಳೆಣ್ಣೆ, ಎಲ್ಲಿಂದಲೋ ಮಂತ್ರಿಸಿ ತಂದ ದಾರ. "ನಮ್ಮತ್ತಿಗೂ ಹಿಂಗ ಆಗಿತ್ತು. ತಲಿ ಕಾದಿರ್ತೈತಿ, ತಂಪು ಮಾಡಬೇಕು" ಎಂದು ಅವ್ವನ ನೆತ್ತಿಗೆ ಅರ್ಧ ಬಾಟಲಿ ಎಣ್ಣೆ ಬಡಿದರು. ನೆನಪೇನೂ ಬರಲಿಲ್ಲ, ಮನೆಯ ದಿಂಬೆಲ್ಲ ಹಾಳಾದವು. ಸೊಪ್ಪಿನ ರಸವನ್ನು ಅವ್ವ ಬಾಯಿಗೆ ತೆಗೆದುಕೊಂಡು, ಅವರು ಅತ್ತ ತಿರುಗಿದ ಕೂಡಲೆ ತುಳಸಿಯ ಕುಂಡದಲ್ಲಿ ಉಗುಳಿದಳು. ದಾರವನ್ನು ಬಿಚ್ಚಿ ಆಯಾಳ ಮಣಿಕಟ್ಟಿಗೆ ಕಟ್ಟಿದಳು.

ಬೀಗಿತ್ತಿ ಇಷ್ಟಕ್ಕೆ ಸೋಲುವವರಲ್ಲ. ಅವ್ವನ ಮುಂದೆ ಕೂತು, "ಅವ್ವಾರ, ನಾ ಯಾರು ಹೇಳ್ರಿ ನೋಡೋಣು?" ಎಂದು ಪರೀಕ್ಷೆ ಶುರುಮಾಡಿದರು.

"ನಿಮ್ಮನ್ನ ಯಾರು ಮರೀತಾರ್ರಿ?" ಎಂದಳು ಅವ್ವ.

"ನೋಡ್ರಿ, ನೆನಪೈತಿ" ಎಂದು ಬೀಗಿತ್ತಿ ನನ್ನ ಕಡೆ ಗೆದ್ದ ಮುಖ ಮಾಡಿದರು.

"ಹೆಸರು ಕೇಳ್ರಿ" ಎಂದೆ ನಾನು.

ಅವ್ವ ನನ್ನನ್ನೇ ತಿದ್ದಿದಳು. "ದೊಡ್ಡೋರ ಹೆಸರು ಹೇಳಬಾರದ್ರಿ."

ಡಾಕ್ಟರರ ಹತ್ತಿರ ಹೋಗುವಾಗ ಬೀಗಿತ್ತಿಯೂ ಆಟೋ ಹತ್ತಿದರು. ಹೀಗೆ ನೆನಪಿನ ಪರೀಕ್ಷೆ ಮಾಡಬೇಡಿ, ಉತ್ತರ ಗೊತ್ತಿಲ್ಲದವರಿಗೆ ಹೆದರಿಕೆಯಾಗುತ್ತದೆ ಎಂದು ಡಾಕ್ಟರು ಅವರಿಗೆ ಹೇಳಿದರೆ, ಇವರು ನನ್ನ ಕಡೆಗೆ ಬೆರಳು ಮಾಡಿ, "ಇವರಿಗೆ ಹೇಳ್ರಿ ಡಾಕ್ಟ್ರ, ಪರೀಕ್ಷಾ ಮಾಡೋದ ಇವರ ಉದ್ಯೋಗ" ಎಂದುಬಿಟ್ಟರು. ಡಾಕ್ಟರು ನಕ್ಕರು. ಅವ್ವನ ತೂಕ ನೋಡಿ ನಗು ನಿಲ್ಲಿಸಿದರು. "ಮುಂದಿನ ಸಲ ಬರೋವಷ್ಟರಾಗ ಹೊಟ್ಟಿಗೆ ಹೋಗಲಿಲ್ಲ ಅಂದ್ರ, ಮೂಗಿನಿಂದ ನಳಿಗಿ ಹಾಕೋ ಮಾತು ಆಡಬೇಕಾಗ್ತೈತಿ ಮೇಡಂ. ನನಗೂ ಅದು ಮನಸ್ಸಿಲ್ಲ. ಬಾಯಿಂದ ಉಂಡ್ರ ಚಲೋ" ಎಂದರು. ಹಿಂದಿರುಗುವಾಗ ಬೀಗಿತ್ತಿ ಬಾಯಿ ಬಿಡಲಿಲ್ಲ. ಅವರ ಪರಿಚಯವಾದ ಮೇಲೆ ಅದೇ ಮೊದಲ ಮೌನ.

ಅಂದು ಮಧ್ಯಾಹ್ನ ಅವರಿಗೂ ಅವ್ವನಿಗೂ ಒಟ್ಟಿಗೆ ತಟ್ಟೆ ಹಾಕಿದೆ. ಅವ್ವ ಎಂದಿನಂತೆ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಕೈಚೀಲ, ಚೀಲದ ಮೇಲೆ ಎರಡೂ ಕೈ. "ಅವ್ವಾ, ಉಣ್ಣು" ಎಂದೆ. "ಬ್ಯಾಡ್ರಿ, ಈಗ ಉಂಡ ಬಂದೀನಿ" ಎಂದಳು. ನಾನು ತಟ್ಟೆ ತೆಗೆಯಲು ಕೈ ಚಾಚಿದೆ. ಅವ್ವ ಮೆಲ್ಲಗೆ ಬೀಗಿತ್ತಿಯ ಕಡೆ ಬಾಗಿ, "ನಮ್ಮ ಹುಡುಗಿ ಎಲ್ಲಿ ಹೋಗ್ಯಾಳ್ರಿ? ನೋಡಿ ಹೋಗೋಣಂತ ಬಂದಿದ್ದೆ" ಎಂದು ಕೇಳಿದಳು.

ಬೀಗಿತ್ತಿ ಬಾಯಲ್ಲಿದ್ದ ತುತ್ತು ನುಂಗಿ ಅವ್ವನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಅವರು ನಕ್ಕ ನಗುವಿಗೆ ಆಯಾ ಒಳಗಿನಿಂದ ಓಡಿಬಂದಳು.

"ಎಂಥಾ ಮಂದಿರೀ ನೀವು" ಎಂದರು ನನಗೆ. "ಮಗಳನ್ನ ಕೊಟ್ಟ ಬೀಗರು ಮನಿಗೆ ಬಂದಾರ. ಒಂದು ಮಾತು ಉಣ್ರಿ ಅಂತೀರಿ, ಬ್ಯಾಡ ಅಂದ್ರ ತಾಟು ಎತ್ತಿಕೊಂಡು ಹೊಕ್ಕೀರಿ. ಯಾವ ಹೆಣ್ಣಿನ ತಾಯಿ ಒಂದ ಮಾತಿಗೆ ಉಣ್ಣಾಕ ಕೂಡ್ತಾಳ? ಮಗಳ ಮರ್ಯಾದಿ ಏನಾಗಬೇಕು?"

ಆಗ ನನಗೆ ತಿಳಿಯಿತು. ಅವ್ವನ ಲೆಕ್ಕದಲ್ಲಿ ಇದು ಅವಳ ಮಗಳನ್ನು ಕೊಟ್ಟ ಮನೆ. ಅದು ಸರಿಯೇ. ಅವಳ ಮಗಳು ಇನ್ನೂ ಸಣ್ಣವಳು, ಹೊಸದಾಗಿ ಮದುವೆಯಾದವಳು. ಹಾಗಾದರೆ ಈ ಮನೆಯಲ್ಲಿ ಓಡಾಡುವ, ನರೆತ ಕೂದಲಿನ, ಕನ್ನಡಕದ ಗಂಟುಮುಖದ ಹೆಂಗಸು ಯಾರು? ಮಗಳ ಅತ್ತೆಯಲ್ಲದೆ ಇನ್ನಾರು? ಆ ಅತ್ತೆಯ ಕಣ್ಣಿಗೆ ಮಗಳ ತವರು ಹಸಿದವರ ಹಾಗೆ ಕಾಣಬಾರದು. ಅದಕ್ಕೇ ಅವ್ವ ಅಷ್ಟು ದಿನ ಹಸಿದುಕೊಂಡು ಮರ್ಯಾದೆ ಕಾಪಾಡಿದ್ದಳು.

ಬೀಗಿತ್ತಿ ಎದ್ದೇಬಿಟ್ಟರು. ರೊಟ್ಟಿಯ ಬುಟ್ಟಿ ಹಿಡಿದು, "ಅಲ್ರೀ, ಕುರುಗೋಡಿನಿಂದ ಬಿಸಲಾಗ ಬಂದೀರಿ, ಬರೇ ಬಾಯಿಲೆ ಹೋದ್ರ ಮಂದಿ ನಮಗ ಏನಂತಾರ? ಇವರು ಬೀಗರಿಗೆ ನೀರೂ ಹಾಕಂಗಿಲ್ಲ ಅಂತಾರ" ಎಂದು ಒಂದು ರೊಟ್ಟಿ ಇಟ್ಟರು.

"ಅಯ್ಯ ಬ್ಯಾಡ್ರಿ, ಹೊಟ್ಟಿ ತುಂಬೈತಿ" ಎಂದು ಅವ್ವ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

"ಕೈ ತಗೀರಿ, ಇಲ್ಲಂದ್ರ ಕೈ ಮ್ಯಾಲ ಬಡಸ್ತೀನಿ" ಎಂದು ಬೀಗಿತ್ತಿ ನಿಜವಾಗಿಯೂ ಬದನೆಕಾಯಿಯನ್ನು ಅವ್ವನ ಬೆರಳ ಮೇಲೆ ಬಡಿಸಿದರು. ಅವ್ವ ಕಿಸಕ್ಕೆಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. "ಭಾಳ ಗಟ್ಟಿ ಅದೀರಿ ನೀವು" ಎನ್ನುತ್ತ ಕೈಚೀಲವನ್ನು ಪಕ್ಕಕ್ಕಿಟ್ಟು ರೊಟ್ಟಿ ಮುರಿದಳು. ಅವ್ವ ಒಂದೊಂದಕ್ಕೂ ಬೇಡವೆಂದಳು, ಇವರು ಒಂದೊಂದಕ್ಕೂ ಬೈದರು, ಹೀಗೆ ಜಗಳವಾಡುತ್ತ ಆಡುತ್ತ ತಟ್ಟೆ ಖಾಲಿಯಾಯಿತು. ನಾನು ಅಡುಗೆಮನೆಯ ಬಾಗಿಲು ಹಿಡಿದು ನಿಂತು ಅತ್ತೆ. ಖುಷಿಗೆ ಅತ್ತದ್ದು ಎಂದು ಆಗ ಅಂದುಕೊಂಡೆ.

ಪೂರ್ತಿ ಖುಷಿಯಲ್ಲ. ಆ ಸಂಜೆ ಬೀಗಿತ್ತಿ ಶೇಂಗಾ ಸುಲಿಯುತ್ತ ಕೂತಿದ್ದಾಗ, "ಇದು ನನ್ನ ಕೈಲೆ ಆಗಂಗಿಲ್ರಿ. ಆಕಿಗೆ ನಾ ಮಗಳು. ಬೀಗಿತ್ತಿ ಆಗಿ ಹ್ಯಾಂಗ ನಾಟಕ ಆಡ್ಲಿ? ನನಗ ನನ್ನವ್ವ ಬೇಕು" ಎಂದೆ. ತಮಾಷೆ ಮಾಡುತ್ತಾರೆಂದುಕೊಂಡಿದ್ದೆ, ಮಾಡಲಿಲ್ಲ. "ಆಕಿ ಮಗಳನ್ನ ನೋಡಾಕಂತನ ಬಂದು ಕುಂತಾಳ. ಮಗಳನ್ನ ಮರ್ತಿಲ್ಲ ಬೀಗಿತ್ಯಾರ, ನಿಮ್ಮ ಮಾರಿ ಅಷ್ಟ ಮರ್ತಾಳ. ನೀವು ಮಗಳು ಅಂತ ಹಟ ಹಿಡಿದ್ರ ಆಕಿ ಉಪವಾಸ. ಯಾವುದು ಬೇಕು ನೋಡ್ರಿ" ಎಂದರು.

ಮರುದಿನ ನಾನು ಹಟ ಹಿಡಿದೇ ನೋಡಿದೆ. "ಅವ್ವಾ, ನಾನ ನಿನ್ನ ಮಗಳು" ಎಂದೆ. ಅವ್ವ ಗಾಬರಿಯಾಗಿ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಅಲ್ಲಿಗೆ ಮುಗಿಯಿತು. ನಾನು ಬೀಗಿತ್ತಿಯಾದೆ.

ಈ ಸುದ್ದಿ ಕೇಳಿ ನನ್ನ ಗಂಡನಿಗೆ ಆದ ಸಂತೋಷ ಹೇಳತೀರದು. "ಅಂದ್ರ ನೀನೀಗ ನಮ್ಮವ್ವನ ಪಾರ್ಟು ಮಾಡಾಕಿ?" ಎಂದರು. ನನಗೂ ನನ್ನ ಅತ್ತೆಗೂ ಬದುಕಿದ್ದಾಗ ಒಂದು ದಿನ ಸರಿಹೋಗಿರಲಿಲ್ಲ. ಸತ್ತ ಅತ್ತೆಗೆ ಇದಕ್ಕಿಂತ ದೊಡ್ಡ ಗೆಲುವು ಬೇಕೇ?

ನನಗೆ ತರಬೇತಿ ಶುರುವಾಯಿತು. ನಾನು ಬಡಿಸುವ ರೀತಿ ಬೀಗಿತ್ತಿಗೆ ಒಂದು ಚೂರೂ ಹಿಡಿಸಲಿಲ್ಲ. "ಹಿಂಗ ಔಷಧಿ ಹಾಕಿದಂಗ ಹಾಕಬ್ಯಾಡ್ರಿ. ಬೈಬೇಕು. ಮುನಿಸ್ಕೋಬೇಕು. ನನ್ನಾಣಿ ಅನ್ನಬೇಕು. ಮಾರಿ ಯಾಕ ಗಂಟು ಹಾಕೀರಿ, ಅತ್ತಿ ಅಂದ್ರ ಸಿಟ್ಟಿನಾಕಿ ಅಂತ ಆಕಿಗೆ ಮೊದಲ ಅಂಜಿಕಿ ಐತಿ." ಮೂವತ್ತು ವರ್ಷ ಮಕ್ಕಳಿಗೆ ತಪ್ಪು ತೋರಿಸಿದವಳು ನಾನು, ಈ ವಯಸ್ಸಿನಲ್ಲಿ ಊಟ ಬಡಿಸುವುದರಲ್ಲಿ ಫೇಲಾಗಿ ಮತ್ತೆ ಮತ್ತೆ ಪರೀಕ್ಷೆ ಕಟ್ಟಿದೆ. ಆಯಾ ನನಗಿಂತ ಬೇಗ ಕಲಿತಳು, ಆದರೆ ಅವಳ ಮಾತಿಗೆ ಅವ್ವ ಅರ್ಧ ರೊಟ್ಟಿಯಷ್ಟೇ ತಿನ್ನುವಳು. ಮನೆಯ ಹಿರಿಯ ಹೆಂಗಸು ಒತ್ತಾಯ ಮಾಡದೆ ಪೂರ್ತಿ ಉಣ್ಣುವುದು ಸರಿಯಲ್ಲವಲ್ಲ.

ಮುಂದಿನ ಸಲ ತೂಕ ನೋಡಿದ ಡಾಕ್ಟರು ನಳಿಗೆಯ ಮಾತೆತ್ತಲಿಲ್ಲ. ಏನು ಮಾಡಿದಿರಿ ಎಂದರು. ಬೀಗಿತ್ತಿ ಮೊದಲಿನಿಂದ ಕೊನೆಯವರೆಗೆ ಅಭಿನಯ ಮಾಡಿ ತೋರಿಸಿದರು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅವರು ನಮ್ಮ ಕಡೆ ಬರಾಕ ಆಗಂಗಿಲ್ಲ, ನಾವ ಅವರ ಕಡೆ ಹೋಗಬೇಕು. ಹೋಗೀರಿ, ಚಲೋ ಆತು. ಆದ್ರ ಸಕ್ಕರಿ ಏರೈತಿ, ಹೋಳಗಿ ಮಾತ್ರ ಬ್ಯಾಡ" ಎಂದರು.

"ಹೋಳಗಿ ಇಲ್ಲದ ಬೀಗತನ ಎಂಥಾದ್ರಿ ಡಾಕ್ಟ್ರ?"

ಬಹಳ ಹೊತ್ತು ಚೌಕಾಶಿ ನಡೆದು, ಹಬ್ಬಕ್ಕೆ ಅರ್ಧ ಹೋಳಿಗೆ ಎಂಬಲ್ಲಿಗೆ ತೀರ್ಮಾನವಾಯಿತು.

ಇನ್ನೊಂದು ಕಾಟವಿತ್ತು. ಸಂಜೆಯಾದರೆ ಅವ್ವ ಎದ್ದು, "ಹೊತ್ತಾತ್ರಿ, ಬಸ್ಸು ತಪ್ತೈತಿ, ಬರ್ತೀನ್ರಿ" ಎಂದು ಹೊರಡುವಳು. ಬೀಗರ ಮನೆಗೆ ಬಂದವರು ಹೊರಡದೆ ಏನು ಮಾಡುತ್ತಾರೆ? ಅದಕ್ಕೂ ನಮ್ಮಲ್ಲಿ ಹಳೆಯ ಮದ್ದಿದೆ. ಬೀಗಿತ್ತಿ ಅವ್ವನ ಚಪ್ಪಲಿ ಬಚ್ಚಿಟ್ಟು, "ಇವತ್ತು ಮಂಗಳವಾರ, ಹ್ಯಾಂಗ ಕಳಸೋದ್ರಿ? ನಾಳೆ ಹೋಗೀರಂತ" ಎಂದರು. ಅವ್ವ ಒಪ್ಪಿ ಕೂತಳು. ಮಂಗಳವಾರ ಯಾರಾದರೂ ಹೊರಡುತ್ತಾರೆಯೇ? ಅಂದಿನಿಂದ ನಮ್ಮ ಮನೆಯಲ್ಲಿ ದಿನವೂ ಸಂಜೆ ಮಂಗಳವಾರ. ಬೇಸರವಾದರೆ ಅಮಾವಾಸ್ಯೆ.

ಅವರು ಮಾಡಿದ್ದೆಲ್ಲ ಸರಿಹೋಯಿತು ಎಂದಲ್ಲ. ಉಮೇದು ಹೆಚ್ಚಾಗಿ ಒಂದು ಸಲ ಕರೂರಿನಿಂದ ಒಂದು ಜೀಪಿನ ತುಂಬ ಹೆಂಗಸರನ್ನು ಕರೆತಂದರು, ಬೀಗರ ಮನೆ ಅಂದರೆ ಗದ್ದಲವಿರಬೇಕೆಂದು. ಅವ್ವ ಹೆದರಿ ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡಳು, ಸಂಜೆಯವರೆಗೆ ಏಳಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಬೀಗಿತ್ತಿ ಮುಖ ಸಣ್ಣದು ಮಾಡಿಕೊಂಡು ಜೀಪನ್ನು ತಿರುಗಿಸಿ ಕಳಿಸಿದರು, ತಾವು ಮಾತ್ರ ಉಳಿದರು. "ಭಾಳ ಮಂದಿ ಆತು, ತಪ್ಪಾತು. ಬೈದದ್ದು ಮುಗದಿದ್ರ ಚಾ ಮಾಡ್ರಿ" ಎಂದರು. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು?

ಅವರ ಸಾವೂ ಅವರಂತೆಯೇ, ಯಾರನ್ನೂ ಕೇಳದೆ ಬಂತು. ಬೆಳಿಗ್ಗೆ ನಾಟಿಯವರಿಗೆ ಬುತ್ತಿ ಕಟ್ಟಿ ಕಳಿಸಿ, ಜಗಲಿಯ ಮೇಲೆ ಕೂತವರು ಕೂತಂತೆಯೇ ಹೋದರು. ಅವ್ವನನ್ನು ಆಯಾಳ ಹತ್ತಿರ ಬಿಟ್ಟು ನಾವಿಬ್ಬರೂ ಕರೂರಿಗೆ ಹೋದೆವು. ಗಂಡ ಅಳಿಯನ ಜೊತೆಗೆ ಅಲ್ಲಿಯೇ ಉಳಿದರು. ನಾನು ಮಣ್ಣು ಮುಗಿಸಿ ಸಂಜೆಯ ಹೊತ್ತಿಗೆ ಬಳ್ಳಾರಿಗೆ ಬಂದೆ.

"ಬೆಳಿಗ್ಗಿಯಿಂದ ಏನೂ ತಿಂದಿಲ್ರಿ ಅಮ್ಮ. ಮನಿಯವರು ಬರಲಿ ಅಂತಾರ" ಎಂದಳು ಆಯಾ. ತಲೆಗೆ ನೀರು ಹಾಕಿಕೊಂಡು ಬಂದು ಅವ್ವನ ಮುಂದೆ ತಟ್ಟೆ ಇಟ್ಟೆ. ಬೈಯಬೇಕಿತ್ತು, ಆಣೆ ಹಾಕಬೇಕಿತ್ತು. ಸುಮ್ಮನೆ ಕೂತೆ.

ಅವ್ವ ನನ್ನನ್ನು ನೋಡಿದಳು. "ನೀವೂ ತಾಟು ಹಾಕ್ಕೊಳ್ರಿ" ಎಂದಳು.

"ನನಗ ಬ್ಯಾಡ್ರಿ. ನೀವು ಉಣ್ರಿ."

"ನೀವು ಉಣದ ನಾ ಹ್ಯಾಂಗ ಉಣ್ಣಲಿ?" ರೊಟ್ಟಿಯ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಯಾರಿಗೂ ಕೇಳಿಸಬಾರದ ಮಾತೆಂಬಂತೆ ನನ್ನ ಹತ್ತಿರ ಸರಿದಳು.

"ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನನ್ನ ಮಗಳದೂ ನಿಮ್ಮಂಥದ ಗುಣ ಐತಿ. ದುಃಖ ಆದ್ರ ಅಳಂಗಿಲ್ಲ, ಸಿಟ್ಟು ಮಾಡಿ ಉಪವಾಸ ಕೂಡ್ತಾಳ. ಬ್ಯಾಡ ಅಂತಾಳ, ಹಸಿವು ಇರ್ತೈತಿ. ನಾ ಊರಿಗೆ ಹೋದ ಮ್ಯಾಲ ಆಕಿ ಹಂಗ ಕುಂತ್ರ, ಒಂದ ಸಲ ಕೇಳಿ ಬಿಡಬ್ಯಾಡ್ರಿ. ಭಾಳ ಮುದ್ದಿಲೆ ಬೆಳಸೀನ್ರಿ ಆಕಿನ್ನ. ಚಂದ ನೋಡ್ಕೊಳ್ರಿ."

ಅವಳ ಕೈ ನನ್ನ ಮೊಣಕಾಲ ಮೇಲಿತ್ತು. ನಾನು ಆ ಕೈ ಹಿಡಿದುಕೊಂಡೆ.

"ನೋಡ್ಕೊಂತೀನ್ರಿ" ಎಂದೆ. "ನೀವು ಕಾಳಜಿ ಮಾಡಬ್ಯಾಡ್ರಿ."

ಎದ್ದು ಹೋಗಿ ತಟ್ಟೆ ತಂದು, ಅವ್ವನ ಪಕ್ಕದಲ್ಲಿ ಕೂತು ಉಂಡೆ. ಅವಳೂ ಉಂಡಳು.